ಬದುಕು ಬದಲಿಸಿಕೊಳ್ಳಲು ಕೋಚ್ ಬೇಕಾ? ದುಡ್ಡು ಕಟ್ಟುವ ಮೊದಲು ಕೇಳುತ್ತಿದ್ದೇನೆ

ಹೊಸಹಾಳೆ
ನಮಸ್ಕಾರ ಎಲ್ಲರಿಗೂ. ನನಗೆ ಈಗ 38. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಸಂಬಳ ಪರವಾಗಿಲ್ಲ, ಜೊತೆಯವರೂ ಒಳ್ಳೆಯವರು. ಆದರೆ ಕೆಲವು ವರ್ಷಗಳಿಂದ ಮಕ್ಕಳಿಗೆ ಗಣಿತ ಕಲಿಸುವ ಕಡೆಗೇ ಮನಸ್ಸು ಎಳೆಯುತ್ತಿದೆ. ಅದಕ್ಕೆ ಬೇಕಾದ ಓದು ಮುಗಿಸಬೇಕು. ರಾತ್ರಿ ಸುಮ್ನೆ ಫೋನ್ ನೋಡುತ್ತಾ ಕೂರುವುದು ನಿಲ್ಲಬೇಕು. ಮನೆಯಲ್ಲಿ ಕೂತು ಈ ವಿಷಯ ಮಾತಾಡಬೇಕು. ಮೂರೂ ಆಗುತ್ತಿಲ್ಲ. ಪ್ರತಿ ಸಲ ಹೊಸ ವೇಳಾಪಟ್ಟಿ ಬರೆಯುತ್ತೇನೆ, ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಬಿಟ್ಟುಹೋಗುತ್ತದೆ.

ಗೆಳತಿಯೊಬ್ಬಳು ಒಬ್ಬ ಪರ್ಸನಲ್ ಡೆವಲಪ್‌ಮೆಂಟ್ ಕೋಚ್ ಪರಿಚಯ ಮಾಡಿಕೊಟ್ಟಳು, ಅಂದರೆ ನಮ್ಮ ಗುರಿ ತಲುಪಲು ಮಾತುಕತೆಯ ಮೂಲಕ ನೆರವಾಗುವವರು. ಫೋನಿನಲ್ಲಿ ಮಾತಾಡಿದೆ. ಆರು ತಿಂಗಳ ಪ್ಯಾಕೇಜ್, ದುಡ್ಡು ಪೂರ್ತಿ ಮೊದಲೇ ಕಟ್ಟಬೇಕಂತೆ. ನನಗದು ಸಣ್ಣ ಮೊತ್ತವಲ್ಲ. "ಈ ವಾರದೊಳಗೆ ಹೇಳಿದರೆ ರಿಯಾಯಿತಿ" ಅಂದರು. ಕೋಚ್ ಜೊತೆ ಕೆಲಸ ಮಾಡಿದವರು ಇಲ್ಲಿದ್ದೀರಾ? ನಿಜಕ್ಕೂ ಏನಾದರೂ ಬದಲಾಗುತ್ತದಾ? ಒಳ್ಳೆಯವರನ್ನು ಗುರುತಿಸುವುದು ಹೇಗೆ?

ನೇರನುಡಿ
"ಈ ವಾರದೊಳಗೆ" ಅಂದ ಕೂಡಲೇ ನಾನಾಗಿದ್ದರೆ ಫೋನ್ ಇಟ್ಟುಬಿಡುತ್ತಿದ್ದೆ. ಕೆಲಸ ಬದಲಿಸುವಂಥ ತೀರ್ಮಾನಕ್ಕೆ ಗಡುವು ಹಾಕಲು ಅವರು ಯಾರು?

ಇನ್ನೊಂದು ವಿಷಯ. ಡಾಕ್ಟರ್ ಅಂತ ಬೋರ್ಡ್ ಹಾಕಲು ಪರವಾನಗಿ ಬೇಕು. ವಕೀಲರಿಗೂ ಬೇಕು. ಕೋಚ್ ಅಂತ ಬೋರ್ಡ್ ಹಾಕಲು ಬಹಳಷ್ಟು ದೇಶಗಳಲ್ಲಿ ಏನೂ ಬೇಡ. ಇವತ್ತು ಮನಸ್ಸಾದರೆ ನಾಳೆ ಯಾರು ಬೇಕಾದರೂ ಶುರು ಮಾಡಬಹುದು. ನಿಮ್ಮ ಮಾತನ್ನು ಗಮನ ಕೊಟ್ಟು ಕೇಳುವ ಒಬ್ಬ ಸ್ನೇಹಿತೆ ಇದ್ದರೆ ಸಾಕು ಮೇಡಂ.

ಮಲ್ಲಿಗೆಬಳ್ಳಿ
ಸ್ನೇಹಿತರು ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ನಮ್ಮ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಭಯವೂ ಜಾಸ್ತಿ. ನಾನು ಕೆಲಸ ಬಿಡುವ ಮಾತೆತ್ತಿದಾಗ ಒಬ್ಬೊಬ್ಬರೂ ತಮ್ಮ ತಮ್ಮ ಭಯವನ್ನೇ ನನಗೆ ಹೇಳಿದರು. ನನ್ನ ಕೋಚ್‌ಗೆ ನಾನು ಆ ಕೆಲಸದಲ್ಲಿ ಇದ್ದರೂ ಬಿಟ್ಟರೂ ಒಂದೇ. ಹಾಗಾಗಿ ಅವರ ಮುಂದೆ ನಾನು ಯಾರನ್ನೂ ಸಮಾಧಾನ ಮಾಡಬೇಕಾಗಿರಲಿಲ್ಲ.

ಮೊದಲ ಭೇಟಿಯಲ್ಲಿ ಅವರು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ: "ಮುಂದಿನ ವರ್ಷ ಈ ಹೊತ್ತಿಗೆ ನಿಮ್ಮ ಒಂದು ಮಾಮೂಲಿ ಮಂಗಳವಾರ ಹೇಗಿರಬೇಕು? ಬೆಳಗ್ಗೆಯಿಂದ ಹೇಳಿ." ನಾನು ದೊಡ್ಡ ದೊಡ್ಡ ಮಾತು ತಯಾರು ಮಾಡಿಕೊಂಡು ಹೋಗಿದ್ದೆ. ಮಂಗಳವಾರ ಅಂದ ಮೇಲೆ ಅವು ಯಾವುವೂ ಉಪಯೋಗಕ್ಕೆ ಬರಲಿಲ್ಲ. ಹೇಳುತ್ತಾ ಹೋದಂತೆ ನನಗೇ ಗೊತ್ತಾಯಿತು, ನನಗೆ ಬೇಡವಾಗಿದ್ದದ್ದು ಕೆಲಸ ಅಲ್ಲ, ಆ ತಂಡ. ಈಗಲೂ ಅದೇ ಸಂಸ್ಥೆಯಲ್ಲಿದ್ದೇನೆ, ಬೇರೆ ವಿಭಾಗದಲ್ಲಿ.

ನೇರನುಡಿ
@ಮಲ್ಲಿಗೆಬಳ್ಳಿ ಅಕ್ಕ, ಆ ಪ್ರಶ್ನೆಯನ್ನು ನೀವೇ ಕಾಗದದ ಮೇಲೆ ಬರೆದುಕೊಂಡು ಉತ್ತರಿಸಬಹುದಿತ್ತು ಅಲ್ವಾ?

ಮಲ್ಲಿಗೆಬಳ್ಳಿ
ಬರೆಯಬಹುದಿತ್ತು. ಬರೆದಿರಲಿಲ್ಲ. ಎದುರಿಗೆ ಒಬ್ಬರು ಕೂತು ಉತ್ತರಕ್ಕಾಗಿ ಕಾಯುವಾಗ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕೆ.

ಕೇಳುವಕಿವಿ
ಮೊದಲೇ ಹೇಳಿಬಿಡುತ್ತೇನೆ, ನಾನು ಕೋಚ್. ಆದ್ದರಿಂದ ನನ್ನ ಮಾತನ್ನು ಅಳೆದು ನೋಡಿ ತೆಗೆದುಕೊಳ್ಳಿ.

@ನೇರನುಡಿ ಹೇಳಿದ್ದು ನಿಜ. ಈ ವೃತ್ತಿಗೆ ಕಾನೂನಿನ ಬೇಲಿ ಇಲ್ಲ. ಇರುವುದು ಸಂಘಗಳ ಪ್ರಮಾಣಪತ್ರ. ಅವುಗಳಲ್ಲಿ ಹೆಚ್ಚು ಹೆಸರು ಕೇಳುವುದು 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಅಂದರೆ ಐಸಿಎಫ್. ಅವರ ಪ್ರಮಾಣಪತ್ರದಲ್ಲಿ ಕೆಳಗಿನಿಂದ ಮೇಲಕ್ಕೆ ಮೂರು ಮೆಟ್ಟಿಲು: ಎಸಿಸಿ, ಪಿಸಿಸಿ, ಎಂಸಿಸಿ. ಎಸಿಸಿಗೆ 60 ಗಂಟೆ ತರಬೇತಿ ಮತ್ತು ಜನರ ಜೊತೆ 100 ಗಂಟೆ ಕೆಲಸ. ಪಿಸಿಸಿಗೆ 125 ಗಂಟೆ ತರಬೇತಿ, 500 ಗಂಟೆ ಕೆಲಸ. ಎಂಸಿಸಿಗೆ 200 ಮತ್ತು 2,500. ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಒಳ್ಳೆಯ ಕೋಚ್ ಅಂತಲ್ಲ. ಆದರೆ ಆ ವ್ಯಕ್ತಿ ಒಂದು ನೀತಿಸಂಹಿತೆಗೆ ಒಪ್ಪಿರುತ್ತಾರೆ, ತಪ್ಪು ನಡೆದರೆ ದೂರು ಕೊಡಲು ಒಂದು ಜಾಗ ಇರುತ್ತದೆ. ಹೆಸರು ಕೊಟ್ಟರೆ ಅವರ ಪ್ರಮಾಣಪತ್ರ ನಿಜವಾ ಅಂತ ಐಸಿಎಫ್ ಜಾಲತಾಣದಲ್ಲೇ ನೋಡಬಹುದು.

ಈಗ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು. ನಮ್ಮಲ್ಲಿ ಬಹಳ ಜನ ಬಳಸುವ ಚೌಕಟ್ಟು ಗ್ರೋ (GROW, ನಾಲ್ಕು ಹಂತಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು). ಇದನ್ನು ಜನಪ್ರಿಯ ಮಾಡಿದವರು ಜಾನ್ ವಿಟ್ಮೋರ್, ಮೊದಲು ಕಾರ್ ರೇಸ್ ಓಡಿಸುತ್ತಿದ್ದವರು. ನಾಲ್ಕು ಹಂತ: ಏನು ಬೇಕು, ಈಗ ಏನಿದೆ, ಯಾವ ಯಾವ ದಾರಿ ಇವೆ, ಯಾವುದನ್ನು ಯಾವಾಗ ಮಾಡುತ್ತೀರಿ. ಕೇಳಲು ಸುಲಭ. ಕಷ್ಟ ಇರುವುದು ಎರಡನೇ ಹಂತದಲ್ಲಿ. "ಈಗ ಏನಿದೆ" ಅಂದಾಗ ಜನ ಇರುವುದನ್ನು ಹೇಳುವುದಿಲ್ಲ, ಇರಬೇಕಾದದ್ದನ್ನು ಹೇಳುತ್ತಾರೆ. ಹೊಸಹಾಳೆಯವರೇ, ನೀವು ಬರೆದ ಮೂರು ವಿಷಯ ನೋಡಿ. ಓದು, ಫೋನ್, ಮನೆಯ ಮಾತು. ನಾನು ಮೊದಲು ಕೇಳುವುದು ಮೂರನೆಯದರ ಬಗ್ಗೆ. ಮನೆಯಲ್ಲಿ ಆ ಮಾತು ಯಾಕೆ ಇನ್ನೂ ಆಗಿಲ್ಲ? ಅದಾಗದೆ ಓದು ಶುರುವಾದರೂ ಅದು ಕದ್ದುಮುಚ್ಚಿ ಮಾಡುವ ಓದಾಗುತ್ತದೆ. ಕದ್ದುಮುಚ್ಚಿ ಮಾಡುವ ಕೆಲಸ ನಿಲ್ಲುವುದು ಬೇಗ.

ದುಡ್ಡಿನ ಬಗ್ಗೆ: ಪೂರ್ತಿ ಮೊದಲೇ ಕಟ್ಟಿಸಿಕೊಳ್ಳುವುದು ಅಪರೂಪವಲ್ಲ. ಆದರೆ ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಅನ್ನುವುದು ಬರಹದಲ್ಲಿ ಇರಲೇಬೇಕು.

ಓಟಗಾರ
ಕೋಚ್ ಎಲ್ಲ ಯಾಕೆ? ಯಾವ ಅಭ್ಯಾಸವಾದರೂ 21 ದಿನ ಬಿಡದೆ ಮಾಡಿದರೆ ಕೂತುಬಿಡುತ್ತದೆ. ಗುರಿ ಬರೆದಿಡಿ ಅಷ್ಟೇ. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿ ಬರೆದಿಟ್ಟಿದ್ದ 3 ಶೇಕಡಾ ವಿದ್ಯಾರ್ಥಿಗಳು 20 ವರ್ಷದ ನಂತರ ಉಳಿದ 97 ಶೇಕಡಾ ಜನರಿಗಿಂತ ಜಾಸ್ತಿ ಸಂಪಾದಿಸಿದ್ದರು.

ಅಂಕಿಅಂಶ
@ಓಟಗಾರ ಆ ಯೇಲ್ ಅಧ್ಯಯನ ನಡೆದೇ ಇಲ್ಲ. ಹುಡುಕಿದವರಿಗೆ ಏನೂ ಸಿಕ್ಕಿಲ್ಲ, ಯೇಲ್‌ನವರೂ ಇಲ್ಲ ಎಂದಿದ್ದಾರೆ. ಭಾಷಣಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದ ಕಥೆ ಅದು. ಯಾವುದೇ ಕೋಚ್ ಇದನ್ನು ಆಧಾರವಾಗಿ ಹೇಳಿದರೆ ಅವರು ಪರಿಶೀಲಿಸುವ ಅಭ್ಯಾಸದವರಲ್ಲ ಅಂತ ತಿಳಿದುಕೊಳ್ಳಬಹುದು.

21 ದಿನವೂ ಹಾಗೇ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು, ರೋಗಿಗಳು ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಎಂದರೂ ಸುಮಾರು 21 ದಿನ ಬೇಕು ಎಂದು. ಅದು ಕುಗ್ಗುತ್ತಾ "21 ದಿನದಲ್ಲಿ ಅಭ್ಯಾಸ" ಆಯಿತು. ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಯವರು ಲಂಡನ್ನಿನಲ್ಲಿ 96 ಜನರನ್ನು 12 ವಾರ ಗಮನಿಸಿದರು. ದಿನಕ್ಕೊಂದು ಸಣ್ಣ ಕೆಲಸ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ನಡುವಿನ ಅಂದಾಜು 66 ದಿನ. ಕೆಲವರಿಗೆ 18, ಕೆಲವರಿಗೆ 254.

ಮಾತಿನಮನೆ
12 ವಾರ ಅಂದರೆ 84 ದಿನ. 254 ಹೇಗೆ ಬಂತು?

ಅಂಕಿಅಂಶ
ಒಳ್ಳೆಯ ಪ್ರಶ್ನೆ. ಗ್ರಾಫ್ ಮುಂದುವರಿಸಿ ಲೆಕ್ಕ ಹಾಕಿದ್ದು, ಕಣ್ಣಾರೆ ನೋಡಿದ್ದಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ: ಒಂದು ದಿನ ತಪ್ಪಿದರೆ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಹೊಸಹಾಳೆಯವರೇ, ವೇಳಾಪಟ್ಟಿ ಒಂದು ದಿನ ತಪ್ಪಿತು ಅಂತ ಪೂರ್ತಿ ಹರಿದು ಹೊಸದು ಬರೆಯುತ್ತಿದ್ದೀರಾದರೆ ಅದನ್ನು ಮೊದಲು ನಿಲ್ಲಿಸಿ.

ಓಟಗಾರ
ಸರಿ, ಯೇಲ್ ಬಿಡಿ. ಹಾಗಾದರೆ ಬರೆದಿಡುವುದರಿಂದ ಪ್ರಯೋಜನ ಇಲ್ಲ ಅಂತೀರಾ?

ಅಂಕಿಅಂಶ
ಇದೆ. ಆದರೆ ಗುರಿಯನ್ನು ಒಮ್ಮೆ ಬರೆದು ಮಡಚಿಡುವುದರಿಂದ ಅಲ್ಲ. 2016ರಲ್ಲಿ 138 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಎಷ್ಟು ಮುಂದೆ ಬಂದಿದ್ದೇವೆ ಅಂತ ಆಗಾಗ ನೋಡಿಕೊಳ್ಳುವವರು ಗುರಿ ತಲುಪುವುದು ಜಾಸ್ತಿ. ಅದನ್ನು ಬರೆದಿಟ್ಟರೆ ಅಥವಾ ಇನ್ನೊಬ್ಬರಿಗೆ ತೋರಿಸಿದರೆ ಪರಿಣಾಮ ಇನ್ನೂ ಜಾಸ್ತಿ. ಕೋಚ್ ಮಾಡುವ ಕೆಲಸದ ದೊಡ್ಡ ಪಾಲು ಇದೇ ಅನ್ನುವುದು ನನ್ನ ಅಭಿಪ್ರಾಯ.

ನೇರನುಡಿ
ಅದನ್ನೇ ನಾನೂ ಹೇಳುತ್ತಿರುವುದು. ವಾರಕ್ಕೊಮ್ಮೆ ಕೇಳುವ ಸ್ನೇಹಿತೆ ಸಾಕು.

ಸಂಜೆಗಾಳಿ
ನನ್ನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಹೆಸರು ಹೇಳುವುದಿಲ್ಲ.

ನನ್ನ ಕೋಚ್ ಪ್ರಶ್ನೆ ಕೇಳುತ್ತಿರಲಿಲ್ಲ. ಹೇಳುತ್ತಿದ್ದರು. ಯಾವಾಗ ಏಳಬೇಕು, ಯಾರ ಜೊತೆ ಮಾತಾಡಬೇಕು, ಯಾರನ್ನು ಬಿಡಬೇಕು. ನನ್ನ ಅಣ್ಣ ನನ್ನ ಯೋಜನೆಯಲ್ಲಿ ಒಂದು ತೊಂದರೆ ತೋರಿಸಿದ. ಅವನು "ನೆಗೆಟಿವ್ ವ್ಯಕ್ತಿ", ದೂರ ಇಡಿ ಅಂದರು. ಪ್ಯಾಕೇಜ್ ಮುಗಿಯುವ ಹೊತ್ತಿಗೆ ಮುಂದಿನ ಹಂತದ ಪ್ಯಾಕೇಜ್ ಮುಂದಿಟ್ಟರು. ಬೇಡ ಅಂದಾಗ "ನಿಮಗೆ ಬದಲಾಗುವ ಭಯ" ಅಂದರು. ಈ ಮಾತಿಗೆ ಉತ್ತರ ಕೊಡಲು ಆಗುವುದಿಲ್ಲ ನೋಡಿ. ಹೂಂ ಅಂದರೆ ದುಡ್ಡು ಕಟ್ಟಬೇಕು, ಬೇಡ ಅಂದರೆ ಭಯ ಇದೆ ಅಂತ ಒಪ್ಪಿದ ಹಾಗೆ. ನಾನು ಅಲ್ಲಿಗೇ ನಿಲ್ಲಿಸಿದೆ. ಅಣ್ಣ ತೋರಿಸಿದ ಆ ತೊಂದರೆ ನಿಜವಾಗಿತ್ತು.

ಮಲ್ಲಿಗೆಬಳ್ಳಿ
@ಸಂಜೆಗಾಳಿ ಓದಿ ಬೇಜಾರಾಯಿತು. ಮನೆಯವರಿಂದ, ಸ್ನೇಹಿತರಿಂದ ದೂರ ಮಾಡುವ ಮಾತು ಬಂದರೆ ಅದು ಕೋಚಿಂಗ್ ಅಲ್ಲವೇ ಅಲ್ಲ.

ಕೇಳುವಕಿವಿ
ಖಂಡಿತ ಅಲ್ಲ. ಯಾವ ಸಂಬಂಧ ಇಟ್ಟುಕೊಳ್ಳಬೇಕು ಅನ್ನುವುದು ಬಂದವರ ತೀರ್ಮಾನ. ನನ್ನ ಕೆಲಸ, ಅಣ್ಣ ಹೇಳಿದ ತೊಂದರೆಯನ್ನು ಮೇಜಿನ ಮೇಲಿಟ್ಟು "ಇದು ನಿಜವಾದರೆ ನಿಮ್ಮ ಯೋಜನೆ ಏನಾಗುತ್ತದೆ?" ಅಂತ ಕೇಳುವುದು.

ಹೇಳುವುದರಿಂದ ಕೆಲಸ ಆಗುವುದಿಲ್ಲ ಅನ್ನುವುದಕ್ಕೆ ಕಾರಣವೂ ಇದೆ. ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು ಕುಡಿತದ ಸಮಸ್ಯೆ ಇರುವವರ ಜೊತೆ ಕೆಲಸ ಮಾಡುತ್ತಿದ್ದರು. ಮೋಟಿವೇಷನಲ್ ಇಂಟರ್‌ವ್ಯೂವಿಂಗ್ ಅನ್ನುವ ಪದ್ಧತಿಯನ್ನು 1983ರಲ್ಲಿ ಮೊದಲು ಬರೆದರು. ಅದರ ತಿರುಳು ಇಷ್ಟು: ನೀವು ಬದಲಾವಣೆಯ ಪರವಾಗಿ ವಾದ ಮಾಡಿದಷ್ಟೂ ಎದುರಿಗಿರುವವರು ಅದರ ವಿರುದ್ಧ ವಾದ ಮಾಡುತ್ತಾರೆ. ಬದಲಾಗಲು ಕಾರಣ ಅವರ ಬಾಯಿಂದಲೇ ಬರಬೇಕು. ಮಕ್ಕಳನ್ನು ಬೆಳೆಸಿದವರಿಗೆ ಇದು ಗೊತ್ತಿರುತ್ತದೆ.

ಬೆಳಗಿನಜಾವ
ಏಳುವ ಸಮಯದ ಮಾತು ಬಂತು ಅಂತ ಹೇಳುತ್ತಿದ್ದೇನೆ. ಬೆಳಗ್ಗೆ 5ಕ್ಕೆ ಏಳುವುದೇ ನನ್ನ ಬದುಕು ಬದಲಿಸಿತು. ಎಲ್ಲರೂ ಮಾಡಿ.

ಮಾತಿನಮನೆ
ಎಲ್ಲರೂ ಅಂದರೆ ರಾತ್ರಿ ಪಾಳಿಯವರೂ? ಚಿಕ್ಕ ಮಗು ಇರುವವರೂ? ನಿಮಗೆ ಹೊಂದಿತು, ಸಂತೋಷ. ಬೇರೆಯವರ ನಿದ್ದೆ ಕಡಿಮೆ ಮಾಡಬೇಡಿ.

ಬೆಳಗಿನಜಾವ
ನಾನು ರಾತ್ರಿ 9ಕ್ಕೆ ಮಲಗುತ್ತೇನೆ. ನಿದ್ದೆ ಕಡಿಮೆ ಮಾಡಿ ಅಂತ ಹೇಳಲೇ ಇಲ್ಲ.

ಮಾತಿನಮನೆ
ಅದನ್ನು ಮೊದಲು ಬರೆಯಬೇಕಿತ್ತು. ಅರ್ಧ ಮಾತು ಕೇಳಿ ಜನ ಅಲಾರಂ ಮಾತ್ರ ಬದಲಿಸುತ್ತಾರೆ.

ಮನದಂಗಳ
ನಾನು ಆಪ್ತಸಮಾಲೋಚಕಿ. ಇಲ್ಲಿ ಯಾರೂ ಇನ್ನೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ. ಹೊಸಹಾಳೆ, ರಾತ್ರಿ ಫೋನ್ ನೋಡುವುದು ನಿದ್ದೆ ಬಾರದೆ ಆಗುತ್ತಿದೆಯಾ? ಮೊದಲು ಖುಷಿ ಕೊಡುತ್ತಿದ್ದ ವಿಷಯಗಳು ಈಗಲೂ ಖುಷಿ ಕೊಡುತ್ತವಾ? ಹಸಿವು ಹೇಗಿದೆ?

ಯಾಕೆ ಅಂದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಂಕು, ನಿದ್ದೆಯ ಏರುಪೇರು, ತಾನು ಯಾವುದಕ್ಕೂ ಬಾರದವಳು ಅನ್ನುವ ಭಾವ, ಇಂಥವು ಎರಡು ವಾರಕ್ಕಿಂತ ಹೆಚ್ಚು ದಿನ ಹೆಚ್ಚೂಕಡಿಮೆ ಪ್ರತಿದಿನ ಇದ್ದರೆ ಅದು ಖಿನ್ನತೆ ಇರಬಹುದು. ಆಗ ಹೋಗಬೇಕಾದದ್ದು ಡಾಕ್ಟರ್ ಅಥವಾ ಮನಶ್ಶಾಸ್ತ್ರಜ್ಞರ ಹತ್ತಿರ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬಾರದು, ಅವತ್ತೇ ಯಾರಿಗಾದರೂ ಹೇಳಿ ಸಹಾಯ ಪಡೆಯಬೇಕು. ಗುರಿ ಹಾಕಿಕೊಡುವುದರಿಂದ ಖಿನ್ನತೆ ವಾಸಿಯಾಗುವುದಿಲ್ಲ. ತಲುಪಲಾಗದ ಗುರಿ ನೋವನ್ನು ಇನ್ನೂ ಜಾಸ್ತಿ ಮಾಡುತ್ತದೆ. ಹಳೆಯ ಆಘಾತ, ಚಟ, ಮನೆಯಲ್ಲಿ ಹಿಂಸೆ, ಇವೂ ಕೋಚ್ ಕೈಗೆ ಮೀರಿದವು. ಒಳ್ಳೆಯ ಕೋಚ್ ಇದನ್ನು ಗುರುತಿಸಿ ಬೇರೆ ಕಡೆ ಕಳಿಸುತ್ತಾರೆ. "ಯಾವ ಸಂದರ್ಭದಲ್ಲಿ ನನ್ನನ್ನು ಬೇರೆಯವರ ಹತ್ತಿರ ಕಳಿಸುತ್ತೀರಿ?" ಅಂತ ಮೊದಲ ಮಾತುಕತೆಯಲ್ಲೇ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಹೊಸಹಾಳೆ
ಎಲ್ಲರ ಮಾತೂ ಎರಡೆರಡು ಸಲ ಓದಿದೆ. ತುಂಬಾ ಧನ್ಯವಾದ.

@ಮನದಂಗಳ ಮೇಡಂ, ನಿದ್ದೆ ಬರುತ್ತದೆ, ನಾನೇ ಮಲಗುವುದಿಲ್ಲ. ಮಕ್ಕಳು ಮಲಗಿದ ಮೇಲಿನ ಆ ಹೊತ್ತು ಮಾತ್ರ ನನ್ನದು ಅನ್ನಿಸುತ್ತದೆ, ಬಿಡಲು ಮನಸ್ಸು ಬರುವುದಿಲ್ಲ. ಊಟ ಸರಿಯಾಗಿದೆ. ಪಕ್ಕದ ಮನೆ ಹುಡುಗಿಗೆ ಲೆಕ್ಕ ಹೇಳಿಕೊಡುವಾಗ ಈಗಲೂ ತುಂಬಾ ಖುಷಿಯಾಗುತ್ತದೆ.

@ಕೇಳುವಕಿವಿ ಸರ್, ಮನೆಯ ಮಾತಿನ ಬಗ್ಗೆ ನೀವು ಬರೆದದ್ದು ಸರಿಯಾಗಿ ತಾಗಿತು. ಯಜಮಾನರು ಬೇಡ ಅನ್ನುತ್ತಾರೆ ಅಂತ ಭಯವಲ್ಲ. "ಮಾಡು" ಅಂದುಬಿಟ್ಟರೆ ನಾನು ನಿಜಕ್ಕೂ ಮಾಡಬೇಕಲ್ಲ, ಅದೇ ಭಯ.

ಮಲ್ಲಿಗೆಬಳ್ಳಿ
ಹೊಸಹಾಳೆ, ಈ ಕೊನೆಯ ಸಾಲು ಬರೆದಿರಲ್ಲ, ಕೋಚ್ ಹತ್ತಿರ ಹೋದರೆ ಶುರು ಮಾಡಬೇಕಾದದ್ದು ಇಲ್ಲಿಂದ.

ಅಂಕಿಅಂಶ
ಕೋಚ್ ಸಿಗುವ ತನಕ ಒಂದು ಕೆಲಸ ಮಾಡಿ ನೋಡಿ. ಪೀಟರ್ ಗೋಲ್ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರದು. "ಓದುತ್ತೇನೆ" ಅನ್ನುವ ಬದಲು "ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ" ಅಂತ ಕಟ್ಟಿಕೊಳ್ಳುವುದು. ಉದಾಹರಣೆಗೆ, "ಮಕ್ಕಳು ಮಲಗಿ ದೀಪ ಆರಿಸಿದ ಕೂಡಲೇ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಪುಸ್ತಕದ ಮುಂದೆ ಕೂರುತ್ತೇನೆ." 2006ರಲ್ಲಿ ಇಂಥ 94 ಪರೀಕ್ಷೆಗಳನ್ನು ಸೇರಿಸಿ ನೋಡಿದಾಗ, ಬರೀ ಸಂಕಲ್ಪ ಮಾಡಿದವರಿಗಿಂತ ಹೀಗೆ ಕಟ್ಟಿಕೊಂಡವರು ಸಾಕಷ್ಟು ಮುಂದಿದ್ದರು. ಸಮಯ, ಜಾಗ, ಕೆಲಸ ಮೂರೂ ಸ್ಪಷ್ಟವಾಗಿರಬೇಕು.

ಮನದಂಗಳ
ಒಂದು ಸೇರಿಸುತ್ತೇನೆ. ಆ ಹೊತ್ತು "ನನ್ನದು" ಅಂದರು. ಅದನ್ನು ಪೂರ್ತಿ ಓದಿಗೆ ಕೊಟ್ಟುಬಿಟ್ಟರೆ ಮನಸ್ಸು ಜಗಳ ತೆಗೆಯುತ್ತದೆ. ವಾರದ ಕೆಲವು ರಾತ್ರಿಗಳನ್ನು ಏನೂ ಮಾಡದೇ ಇರಲು ಬಿಟ್ಟುಕೊಳ್ಳಿ.

ಓಟಗಾರ
ಅಷ್ಟೆಲ್ಲ ಯಾಕೆ, ಈಗ ಎಐ ಚಾಟ್ ಇದೆ. ಕೇಳಿದರೆ ಇದೇ ಪ್ರಶ್ನೆಗಳನ್ನು ಕೇಳುತ್ತದೆ, ಯೋಜನೆ ಬರೆದುಕೊಡುತ್ತದೆ.

ಸಂಜೆಗಾಳಿ
ನಾನೂ ಬಳಸಿದ್ದೇನೆ. ಯೋಚನೆ ಬಿಡಿಸಿ ನೋಡಲು ಒಳ್ಳೆಯದು. ಆದರೆ ಕಷ್ಟದ ಪ್ರಶ್ನೆ ಬಂದಾಗ ಕಿಟಕಿ ಮುಚ್ಚಿ ಎದ್ದು ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ. ಮನುಷ್ಯರ ಮುಂದೆ ಅದು ಅಷ್ಟು ಸುಲಭವಲ್ಲ. ಜೊತೆಗೆ ನಿಮ್ಮ ಮನೆಯ ವಿಷಯಗಳನ್ನು ಎಲ್ಲಿ ಬರೆಯುತ್ತಿದ್ದೀರಿ ಅನ್ನುವುದನ್ನೂ ನೋಡಿಕೊಳ್ಳಿ.

ನೇರನುಡಿ
ಕೋಚಿಂಗ್ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸಂಶೋಧನೆ ಏನಾದರೂ ಇದೆಯಾ, ಅಥವಾ ಎಲ್ಲವೂ ಅನುಭವದ ಮಾತೇ? ಅಂಕಿಅಂಶದವರೇ, ನೀವೇ ಹೇಳಿ.

ಅಂಕಿಅಂಶ
ಇದೆ. 2014ರಲ್ಲಿ ಟೀಬೂಮ್ ಮತ್ತು ಜೊತೆಯವರು 18 ಅಧ್ಯಯನಗಳನ್ನು ಸೇರಿಸಿ ನೋಡಿದರು. ಕೆಲಸದ ಗುಣಮಟ್ಟ, ನೆಮ್ಮದಿ, ಒತ್ತಡ ನಿಭಾಯಿಸುವುದು, ಗುರಿಯತ್ತ ತನ್ನನ್ನು ತಾನೇ ನಡೆಸಿಕೊಳ್ಳುವುದು, ಎಲ್ಲದರಲ್ಲೂ ಒಳ್ಳೆಯ ಪರಿಣಾಮ ಕಂಡಿದೆ. ಆದರೆ ಅವು ಕಚೇರಿಗಳಲ್ಲಿ ನಡೆದ ಕೋಚಿಂಗ್. ಅಲ್ಲಿ ದುಡ್ಡು ಕೊಡುವುದು ಸಂಸ್ಥೆ. ಸ್ವಂತ ದುಡ್ಡಿನಲ್ಲಿ, ಬದುಕಿನ ಎಲ್ಲ ವಿಷಯ ಹೊತ್ತುಕೊಂಡು ಹೋಗುವವರಿಗೆ ಅದನ್ನೇ ಹಾಗೇ ಅನ್ವಯಿಸಬಾರದು.

ನೇರನುಡಿ
ಅಂದರೆ ನನ್ನ ಅನುಮಾನಕ್ಕೆ ಜಾಗ ಇದೆ.

ಕೇಳುವಕಿವಿ
ಇದೆ, ಇರಲಿ ಕೂಡ. ಅನುಮಾನ ಇಟ್ಟುಕೊಂಡು ಬರುವವರ ಜೊತೆ ಕೆಲಸ ಚೆನ್ನಾಗಿ ಆಗುತ್ತದೆ. ಎಲ್ಲವನ್ನೂ ನಂಬಿ ಬರುವವರು ಕೆಲಸವನ್ನೂ ನನಗೇ ಬಿಟ್ಟುಬಿಡುತ್ತಾರೆ. ಭೇಟಿ ಒಂದು ಗಂಟೆ. ಬದಲಾವಣೆ ನಡೆಯಬೇಕಾದದ್ದು ಎರಡು ಭೇಟಿಗಳ ನಡುವಿನ ದಿನಗಳಲ್ಲಿ. ಆ ದಿನಗಳಲ್ಲಿ ಏನೂ ಮಾಡದಿದ್ದರೆ ಯಾವ ಕೋಚ್ ಇದ್ದರೂ ಒಂದೇ.

ಹೊಸಹಾಳೆ
ಆ ಕೋಚ್‌ಗೆ ಫೋನ್ ಮಾಡಿದ್ದೆ. ಮೊದಲು ಮೂರು ಭೇಟಿಗೆ ಮಾತ್ರ ದುಡ್ಡು ಕೊಡುತ್ತೇನೆ, ಆಮೇಲೆ ನೋಡೋಣ ಅಂದೆ. ಆಗುವುದಿಲ್ಲ, ಪೂರ್ತಿ ಬದ್ಧತೆ ಇಲ್ಲದವರ ಜೊತೆ ಕೆಲಸ ಮಾಡುವುದಿಲ್ಲ ಅಂದರು. ವಾಪಸ್ ಕೊಡುವ ಬಗ್ಗೆ ಬರಹದಲ್ಲಿ ಕೇಳಿದೆ, ಉತ್ತರ ಬಂದಿಲ್ಲ. ಬಿಟ್ಟೆ. ಬೇರೆ ಇಬ್ಬರ ಜೊತೆ ಪರಿಚಯದ ಮಾತುಕತೆ ನಿಗದಿಯಾಗಿದೆ. ಅದಕ್ಕಿಂತ ಮೊದಲು, ಈ ಭಾನುವಾರ ಯಜಮಾನರ ಹತ್ತಿರ ಮಾತಾಡುತ್ತೇನೆ. ಬೇರೆ ಏನು ಕೇಳಬೇಕು ಆ ಇಬ್ಬರನ್ನು?

ನೇರನುಡಿ
ಬಿಟ್ಟದ್ದು ಒಳ್ಳೆಯದಾಯಿತು.

ಮಲ್ಲಿಗೆಬಳ್ಳಿ
ನಾನಾಗಿದ್ದರೆ ಕಡಿಮೆ ಕೇಳಿ ಜಾಸ್ತಿ ಗಮನಿಸುತ್ತೇನೆ. ಅರ್ಧ ಗಂಟೆಯಲ್ಲಿ ಅವರು ಎಷ್ಟು ಮಾತಾಡಿದರು, ನೀವು ಎಷ್ಟು? ನೀವು ಹೇಳಿದ್ದನ್ನು ಅವರು ಸರಿಯಾಗಿ ಮತ್ತೆ ಹೇಳಬಲ್ಲರಾ? ನೀವು ಸುಮ್ಮನಾದಾಗ ಅವರೂ ಸುಮ್ಮನಿದ್ದರಾ, ಅಥವಾ ತಕ್ಷಣ ತಮ್ಮ ಕಥೆ ಶುರು ಮಾಡಿದರಾ?

ಕೇಳುವಕಿವಿ
ಅದರ ಜೊತೆ ಗುಟ್ಟಿನ ವಿಷಯ ಕೇಳಿ. ಭೇಟಿಯನ್ನು ರೆಕಾರ್ಡ್ ಮಾಡುತ್ತಾರಾ, ಟಿಪ್ಪಣಿ ಎಲ್ಲಿಡುತ್ತಾರೆ, ನಿಮ್ಮ ಕಥೆಯನ್ನು ತಮ್ಮ ಜಾಹೀರಾತಿಗೆ ಬಳಸುತ್ತಾರಾ. ಕೆಲಸ ಸಾಗುತ್ತಿದೆಯಾ ಅಂತ ಇಬ್ಬರೂ ಕೂತು ನೋಡುವುದು ಯಾವಾಗ ಅಂತಲೂ ಕೇಳಿ. ಮೂರನೇ ಭೇಟಿಯಾದ ಮೇಲೆ ನೋಡುವುದು ನನ್ನ ಪದ್ಧತಿ.

ಮಾತಿನಮನೆ
ವಿಡಿಯೋ ಕರೆ ಸಾಕಾ, ಎದುರಿಗೇ ಕೂರಬೇಕಾ? ನನಗೂ ಆಸಕ್ತಿ ಹುಟ್ಟಿದೆ ಈಗ.

ಮಲ್ಲಿಗೆಬಳ್ಳಿ
ನನ್ನದು ಪೂರ್ತಿ ವಿಡಿಯೋದಲ್ಲೇ ಆಯಿತು, ಏನೂ ಕೊರತೆ ಅನ್ನಿಸಲಿಲ್ಲ. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇರಬೇಕು ಅಷ್ಟೇ. ಮನೆಯವರು ಓಡಾಡುವ ಕಡೆ ಕೂತು ನಿಜ ಹೇಳಲು ಆಗುವುದಿಲ್ಲ.